ಕಾದರೆ ಕರಗುವ ಕಸ

‘ಜೀವವಿಜ್ಞಾನದ ಲ್ಯಾಬುಗಳಲ್ಲೂ ವಿಕಿರಣಶೀಲ ಕಸ ಇರುತ್ತದಂತೆ. ಸಾವಿರಾರು ವರ್ಷ ಅದನ್ನು ಕಾಯುವವರು ಯಾರು?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಎಲ್ಲ ಕಸಕ್ಕೂ ಅಷ್ಟು ಆಯುಸ್ಸು ಇಲ್ಲ ಸ್ವಾಮಿ. ಕೆಲವಕ್ಕೆ ಐದು ತಿಂಗಳು ಸಾಕು.

ಡಿಎನ್‌ಎಗೆ ಗುರುತು ಹಚ್ಚಲು ಬಳಸುವ ರಂಜಕ-32ರ ಅರ್ಧಾಯು, ಅಂದರೆ ವಿಕಿರಣ ಅರ್ಧಕ್ಕೆ ಇಳಿಯುವ ಅವಧಿ, 14.3 ದಿನ. ಹತ್ತು ಅರ್ಧಾಯು, ಅಂದರೆ 143 ದಿನ ಕಳೆದರೆ ಉಳಿಯುವುದು 1,024ರಲ್ಲಿ ಒಂದು ಪಾಲು. ಅಷ್ಟು ದಿನ ಅಕ್ರಿಲಿಕ್ ಡಬ್ಬದಲ್ಲಿ ಮುಚ್ಚಿಟ್ಟರೆ ಆಯಿತು. ಕೆಡುವುದು ಬೆರಕೆಯಿಂದ. ಕಾರ್ಬನ್-14 ತಾಗಿದ ಒಂದೇ ಒಂದು ಪಿಪೆಟ್ ಟಿಪ್ ಅದೇ ಡಬ್ಬಕ್ಕೆ ಬಿತ್ತೆನ್ನಿ: ಅದರ ಅರ್ಧಾಯು ಸುಮಾರು 5,700 ವರ್ಷ! ಇನ್ನು ಕಾದು ಪ್ರಯೋಜನವಿಲ್ಲ. ಕೈಗವಸು, ಟಿಶ್ಯೂ ಸಮೇತ ಇಡೀ ಡಬ್ಬ ದೀರ್ಘಾಯುಷಿಗಳ ಪಂಕ್ತಿಗೆ ಸೇರುತ್ತದೆ. ಹಾಗಾಗಿ ಒಂದೊಂದು ಐಸೊಟೋಪಿಗೂ ಒಂದೊಂದು ಡಬ್ಬ, ಮೇಲೆ ತಾರೀಖು. ಕಸ ಹೆಚ್ಚದಿರಲು ರಟ್ಟು, ಪ್ಯಾಕಿಂಗ್ ಎಲ್ಲ ಬಾಗಿಲಾಚೆಯೇ.

ದ್ರವದ ಕಸ ತಗ್ಗಿಸುವ ಉಪಾಯವಂತೂ ನನಗೆ ಬಲು ಇಷ್ಟ. ವಿಕಿರಣ ಅಳೆಯಲು ಮಾದರಿಯನ್ನು ಸಿಂಟಿಲೇಷನ್ ದ್ರಾವಣಕ್ಕೆ (ವಿಕಿರಣ ತಾಗಿದರೆ ಮಿನುಗುವ ದ್ರವಕ್ಕೆ) ಹಾಕುವುದು ವಾಡಿಕೆ. ಹಳೆಯ ದ್ರಾವಣಗಳಲ್ಲಿ ಟಾಲ್ಯುಯೀನ್ ಇರುತ್ತಿತ್ತು. ವಿಕಿರಣದ ಜೊತೆಗೆ ಬೆಂಕಿಯ ಭಯವೂ ಇರುವ ಇಂಥ ಕಸವನ್ನು ವಿಲೇವಾರಿ ಮಾಡುವುದು ದೊಡ್ಡ ತಲೆನೋವು. ರಂಜಕ-32ಕ್ಕೆ ಆ ದ್ರಾವಣವೇ ಬೇಡ, ಬರೀ ನೀರು ಸಾಕು! ನೀರೊಳಗೆ ಬೆಳಕಿನ ವೇಗ ನಿರ್ವಾತದಲ್ಲಿರುವುದರ ಮುಕ್ಕಾಲು ಪಾಲಿಗೆ ಇಳಿಯುತ್ತದೆ. ರಂಜಕ-32 ಚಿಮ್ಮಿಸುವ ಎಲೆಕ್ಟ್ರಾನುಗಳಲ್ಲಿ ಹೆಚ್ಚಿನವು ಅದನ್ನೂ ಹಿಂದೆ ಹಾಕಿ ಓಡುತ್ತವೆ. (ಐನ್‌ಸ್ಟೈನ್‌ಗೆ ಇದರಿಂದ ಅವಮಾನವೇನಿಲ್ಲ, ಅವರ ಮಿತಿ ನಿರ್ವಾತದ ಬೆಳಕಿನದು.) ಹಾಗೆ ಓಡುವಾಗ ಮಂದವಾದ ನೀಲಿ ಬೆಳಕು ಹೊಮ್ಮುತ್ತದೆ. 1934ರಲ್ಲಿ ಸೋವಿಯತ್ ಭೌತವಿಜ್ಞಾನಿ ಚೆರೆಂಕೋವ್ ಇದನ್ನು ವರದಿ ಮಾಡಿದರು; 1958ರಲ್ಲಿ, ಇದರ ಕಾರಣ ವಿವರಿಸಿದ ಟಾಮ್, ಫ್ರಾಂಕ್ ಅವರೊಂದಿಗೆ ನೊಬೆಲ್ ಹಂಚಿಕೊಂಡರು. ರಿಯಾಕ್ಟರ್ ಕೊಳ ನೀಲಿಯಾಗಿ ಹೊಳೆಯುವುದೂ ಈ ಬೆಳಕಿನಿಂದಲೇ. ಲ್ಯಾಬಿನ ಪುಟ್ಟ ವಯಲಿನಲ್ಲಿ ನಮ್ಮ ಕಣ್ಣಿಗೆ ಕಾಣದಷ್ಟು ಮಿಣುಕು. ಬೆಳಕು ಅಳೆಯುವ ಕೌಂಟರ್ ಮಾತ್ರ ಎಣಿಸಿಬಿಡುತ್ತದೆ. ಅಳೆದ ಮಾದರಿಯನ್ನು ಮತ್ತೆ ಬಳಸಲೂಬಹುದು. ಟ್ರಿಷಿಯಂ, ಕಾರ್ಬನ್-14ರ ಎಲೆಕ್ಟ್ರಾನುಗಳಿಗೆ ಮಾತ್ರ ಅಷ್ಟು ಕಸುವಿಲ್ಲ.

ಎಲ್ಲಕ್ಕಿಂತ ಮೇಲು, ಕಸವನ್ನೇ ಹುಟ್ಟಿಸದಿರುವುದು. ಡಿಎನ್‌ಎ ಅನುಕ್ರಮ ಓದುವ ಕೆಲಸದಲ್ಲಿ ಹೊಳೆಯುವ ಬಣ್ಣಗಳು ಎಂದೋ ವಿಕಿರಣದ ಜಾಗ ಹಿಡಿದಿವೆ.

‘ಸುಟ್ಟುಬಿಟ್ಟರೆ ಆಗದೇ?’ ಎನ್ನುವವರಿದ್ದಾರೆ. ಪರಮಾಣುವಿನ ನ್ಯೂಕ್ಲಿಯಸ್ಸಿಗೆ ಬೆಂಕಿಯ ಬಿಸಿ ತಟ್ಟುವುದಿಲ್ಲ. ಬೂದಿಯಲ್ಲೋ ಹೊಗೆಯಲ್ಲೋ ವಿಕಿರಣ ಹಾಗೇ ಇರುತ್ತದೆ.  ಹಾಗಾಗಿ ಕಾಯಲೇಬೇಕು. ಕಾದ ಮೇಲೂ ಲ್ಯಾಬಿನವರು ಡಬ್ಬದ ತಾರೀಖಿನ ಚೀಟಿ ನಂಬುವುದಿಲ್ಲ, ಮೀಟರ್ ನಂಬುತ್ತಾರೆ. ಮೀಟರಿನ ಮುಳ್ಳು ಸುತ್ತಲಿನ ಸಹಜ ಮಟ್ಟಕ್ಕೆ ಇಳಿದ ಮೇಲೆ ಡಬ್ಬದ ಮೇಲಿನ ವಿಕಿರಣದ ಚಿಹ್ನೆಯನ್ನು ಕಿತ್ತೋ ಗೀಚಿಯೋ ಅಳಿಸಿ, ಆಮೇಲಷ್ಟೇ ಕಸದ ಗಾಡಿಗೆ ಕೊಡಬೇಕು.