ತರಕಾರಿಯ ಏರುಮಡಿಗೆ ಎಂಥ ಅಂಚು ಯೋಗ್ಯ?

ಮೊಣಕಾಲು ನೋವೆಂದು ನಮ್ಮಲ್ಲಿಗೆ ಬರುವ ಹಿರಿಯರಲ್ಲಿ ಹಲವರ ಕೊರಗು ಒಂದೇ ಬಗೆಯದು. ಹಿತ್ತಲಿನಲ್ಲಿ ನಾಲ್ಕು ಮಡಿ ಪಲ್ಲೆ ಬೆಳೆಯುತ್ತಿದ್ದವರಿಗೆ ಈಗ ಕುಳಿತರೆ ಏಳಲಾಗದು. ಅಂಥವರಿಗೆ ನಾವು ಏರುಮಡಿಯನ್ನು ಸೂಚಿಸುತ್ತ ಬಂದಿದ್ದೇವೆ. ಸುತ್ತಲೂ ಒಂದೆರಡು ಅಡಿ ಎತ್ತರದ ಅಂಚು ಕಟ್ಟಿ, ಒಳಗೆ ಹದವಾದ ಮಣ್ಣು, ಗೊಬ್ಬರ ತುಂಬಿದರೆ ಅದೇ ಏರುಮಡಿ. ಇದರಿಂದ ಬಗ್ಗುವ ಶ್ರಮ ಕಡಿಮೆಯಾಗುತ್ತದೆ. ಧಾರವಾಡ, ಗದಗ ಸೀಮೆಯ ಎರೆಮಣ್ಣಿನಲ್ಲಿ ಮಳೆಯ ನೀರು ನಿಂತು ಬೇರು ಕೊಳೆಯುವ ತೊಂದರೆಯೂ ತಪ್ಪುತ್ತದೆ.

ಆದರೆ ಅಂಚಿನ ಆಯ್ಕೆಯಲ್ಲಿ ನಾವೇ ಒಮ್ಮೆ ಎಡವಿದ್ದೇವೆ. ನಮ್ಮ ಮನೆಯ ಮೊದಲ ಮಡಿಗೆ, ಗುಜರಿಯಲ್ಲಿ ಅಗ್ಗಕ್ಕೆ ದೊರೆತ ಹಳೆಯ ರೈಲ್ವೆ ಸ್ಲೀಪರುಗಳನ್ನು ತಂದು ಜೋಡಿಸಿದೆವು. ಗಟ್ಟಿ ಮರ, ಗೆದ್ದಲು ಹತ್ತದು ಎಂಬ ಹಿಗ್ಗು ನಮ್ಮದು. ಬೇಸಿಗೆಯ ಬಿಸಿಲೇರಿದಾಗ ಆ ಮರದಿಂದ ಡಾಂಬರಿನಂಥ ಕಪ್ಪು ಜಿಡ್ಡು ಒಸರತೊಡಗಿತು. ಅಷ್ಟರಲ್ಲಿ ಆ ಮಡಿಯ ಮೆಂತ್ಯಪಲ್ಲೆಯನ್ನು ಮನೆಯವರೆಲ್ಲ, ಪುಟ್ಟ ಮೊಮ್ಮಗಳೂ ಸೇರಿ, ಎರಡು ತಿಂಗಳು ಉಂಡಿದ್ದೆವು. ಗೆದ್ದಲು ಏಕೆ ಹತ್ತುವುದಿಲ್ಲವೆಂದು ವೈದ್ಯರಾದ ನಾವು ಮೊದಲೇ ಕೇಳಿಕೊಳ್ಳಬೇಕಿತ್ತು. ಪಲ್ಲೆಯನ್ನು ಕಿತ್ತೆಸೆದು, ಮಣ್ಣನ್ನೂ ತೆಗೆಸಿದೆವು. ಯಾರಿಗೂ ಕೂಡಲೇ ಏನೂ ಆಗಲಿಲ್ಲ, ನಿಜ. ಆದರೆ ದೇಹದಲ್ಲಿ ಅಡಗಿ ಕುಳಿತು ಕಾಲಾಂತರದಲ್ಲಿ ಕೆಡುಕು ಮಾಡುವ ವಿಷವನ್ನು ಆಯುರ್ವೇದವು ದೂಷೀವಿಷವೆಂದು ಕರೆಯುತ್ತದೆ. ಅದರ ಭಯ ನಮಗಿತ್ತು.

ಔಷಧಿಯ ಗಿಡವನ್ನು ಸಂಗ್ರಹಿಸುವ ಮುನ್ನ ಅದು ಬೆಳೆದ ನೆಲವನ್ನು ಪರೀಕ್ಷಿಸಬೇಕೆಂದು ಸುಶ್ರುತ ಸಂಹಿತೆಯ ಸೂತ್ರಸ್ಥಾನದ 36ನೆಯ ಅಧ್ಯಾಯವು ವಿಧಿಸುತ್ತದೆ. ದಿನವೂ ಉಣ್ಣುವ ಪಲ್ಲೆಗೆ ಈ ನಿಯಮ ಇನ್ನೂ ಹೆಚ್ಚು ಸಲ್ಲಬೇಕು. ಏರುಮಡಿಯಲ್ಲಿ ಅಂಚೂ ನೆಲದ ಭಾಗವೇ.

ದೂರವಿಡಬೇಕಾದವು

ಹಳೆಯ ಸ್ಲೀಪರುಗಳಲ್ಲಿ ಹಲವಕ್ಕೆ ಕ್ರಿಯೋಸೋಟ್ ಎಂಬ ಎಣ್ಣೆಯನ್ನು ಉಣಿಸಿರುತ್ತಾರೆ. ಕಲ್ಲಿದ್ದಲ ಟಾರಿನಿಂದ ಬರುವ ಈ ಎಣ್ಣೆಯಲ್ಲಿ ಕ್ಯಾನ್ಸರ್‌ಕಾರಕ ಅಂಶಗಳಿವೆ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ದ್ರಾವಣ ಉಣಿಸಿದ ಹಸಿರು ಛಾಯೆಯ ಮರವೂ ಬೇಡ. ಅದರ ಆರ್ಸೆನಿಕ್ ಮಳೆನೀರಿನೊಡನೆ ಮಣ್ಣಿಗಿಳಿಯುತ್ತದೆ.

ಹಳೆಯ ಮನೆಯ ಬಣ್ಣ ಬಳಿದ ಬಾಗಿಲು, ಕಿಟಕಿಗಳ ಹಲಗೆಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಮನೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕಿಂತ ಹಳೆಯ ಬಣ್ಣದ ಚಕ್ಕೆ ಉದುರಿದರೆ ಸೀಸವು ಮಣ್ಣು ಸೇರುವ ಸಂಭವವಿದೆ. ಸೊಪ್ಪು, ಮೂಲಂಗಿ, ಗಜ್ಜರಿಗಳ ಮೂಲಕ ಅದು ಹೊಟ್ಟೆ ಸೇರುವ ಸಾಧ್ಯತೆ ಹೆಚ್ಚು, ಬದನೆ, ಟೊಮೆಟೊಗಳಲ್ಲಿ ಕಡಿಮೆ. ಮಕ್ಕಳ ಮಿದುಳಿಗೆ ಸೀಸದ ನಿರಪಾಯಕರ ಪ್ರಮಾಣವೆಂಬುದೇ ಇಲ್ಲ.

ಒಡೆದ ಸಿಮೆಂಟ್ ಶೀಟುಗಳಲ್ಲಿ ಅಸ್ಬೆಸ್ಟಾಸ್ ನಾರಿರಬಹುದು. ಅದರ ಧೂಳು ಪುಪ್ಫುಸಕ್ಕೆ ಮಾರಕ. ಹಳೆಯ ಟಯರುಗಳಿಂದಲೂ ಸತುವು ಮೊದಲಾದ ಅಂಶಗಳು ಮಣ್ಣಿಗೆ ಜಿನುಗುತ್ತವೆ. ಒಳ್ಳೆಯ ಮರಕ್ಕೂ ಗೆದ್ದಲಿನ ಭಯದಿಂದ ಸುಟ್ಟ ಇಂಜಿನ್ ಎಣ್ಣೆ ಬಳಿಯುವ ರೂಢಿ ನಮ್ಮಲ್ಲಿದೆ. ತರಕಾರಿಯ ಮಡಿಗೆ ಅದು ಸಲ್ಲದು.

ಯೋಗ್ಯವಾದವು

ಕಲ್ಲಿಗೆ ನಮ್ಮ ನಾಡಿನಲ್ಲಿ ಬರವಿಲ್ಲ. ಕಲಬುರ್ಗಿಯ ಕಡೆಯವರಿಗೆ ಶಹಾಬಾದ್ ಫರಸಿ, ಕರಾವಳಿಯವರಿಗೆ ಕೆಂಪುಕಲ್ಲು, ಉಳಿದೆಡೆ ಕಾಡುಗಲ್ಲು ದೊರೆಯುತ್ತದೆ. ಸುಟ್ಟ ಇಟ್ಟಿಗೆಯೂ ಉತ್ತಮ. ಇಟ್ಟಿಗೆಗಳನ್ನು ಗಾರೆಯಿಲ್ಲದೆ ಜೋಡಿಸಿದರೂ ಒಂದಡಿ ಎತ್ತರ ನಿಲ್ಲುತ್ತದೆ, ಹೆಚ್ಚಿನ ನೀರು ಸಂದುಗಳಿಂದ ಹರಿದುಹೋಗುತ್ತದೆ. ಹೊಸ ಸಿಮೆಂಟ್ ಬ್ಲಾಕುಗಳಿಂದ ಸುಣ್ಣದ ಅಂಶ ಇಳಿದು ಅಂಚಿನ ಮಣ್ಣು ಕ್ಷಾರವಾಗುವುದುಂಟು. ಒಂದು ಮಳೆಗಾಲ ನೆನೆದ ಬ್ಲಾಕುಗಳಾದರೆ ಲೇಸು.

ಮರವೇ ಬೇಕೆಂದರೆ ಏನೂ ಬಳಿಯದ ತೇಗದ ಇಲ್ಲವೆ ಜಾಲಿಯ ಹಲಗೆ ಆದೀತು. ಮಲೆನಾಡಿನವರಿಗೆ ಅಡಿಕೆ ದಬ್ಬೆ, ಬಿದಿರುಗಳಿವೆ. ಇವು ಕೆಲವೇ ವರ್ಷ ಬಾಳಿ ಮಣ್ಣಾಗುತ್ತವೆ, ಆದರೆ ಮಣ್ಣನ್ನು ಕೆಡಿಸುವುದಿಲ್ಲ. ವಿಷ ಉಣಿಸಿದ ಮರ ಬಹುಕಾಲ ಬಾಳುವುದಕ್ಕಿಂತ ಇದೇ ಮೇಲೆಂಬುದು ನಮ್ಮ ಅಭಿಪ್ರಾಯ.

ಅಳತೆ, ಭಾರ

ಸೊಪ್ಪಿಗೆ ಒಂದಡಿ, ಬದನೆ, ಮೆಣಸಿನಕಾಯಿಗೆ ಒಂದೂವರೆ ಅಡಿ ಆಳ ಸಾಕು. ಎರಡೂ ಬದಿಯಿಂದ ಕೈ ಎಟುಕುವಂತೆ ಅಗಲ ನಾಲ್ಕಡಿ ಮೀರದಿರಲಿ. ಮೊಣಕಾಲು ನೋವಿರುವವರು ಎತ್ತರವನ್ನು ಎರಡಡಿಗೆ ಏರಿಸಿ, ಅಂಚಿನ ಮೇಲೆ ಅಗಲವಾದ ಕಲ್ಲು ಹಾಸಿದರೆ ಕುಳಿತೇ ಕಳೆ ಕೀಳಬಹುದು.

ಮಾಳಿಗೆಯ ಮೇಲೆ ಮಡಿ ಕಟ್ಟುವವರು ಭಾರವನ್ನು ಲೆಕ್ಕಿಸಲೇಬೇಕು. ನೆನೆದ ಮಣ್ಣು ಒಂದು ಘನ ಅಡಿಗೆ ಸುಮಾರು 45 ಕಿಲೋ ತೂಗುತ್ತದೆ. ಎಂಟಡಿ ಉದ್ದ, ನಾಲ್ಕಡಿ ಅಗಲ, ಒಂದಡಿ ಆಳದ ಮಡಿ 1,400 ಕಿಲೋ ದಾಟುತ್ತದೆ. ಎಂಜಿನಿಯರರನ್ನು ಕೇಳದೆ ಈ ಸಾಹಸ ಬೇಡ.

ಈಗಾಗಲೇ ಸ್ಲೀಪರು ಅಥವಾ ಬಣ್ಣದ ಹಲಗೆ ಬಳಸಿರುವ ಸದ್ಭಕ್ತರು ಗಾಬರಿಯಾಗಬೇಕಿಲ್ಲ. ಅವನ್ನು ತೆಗೆದು, ಒಳಗಿನ ಮಣ್ಣನ್ನು ಹೂಗಿಡಗಳಿಗೆ ಬಳಸಿ. ತೆಗೆದ ಮರವನ್ನು ಮಾತ್ರ ಬಚ್ಚಲ ಒಲೆಗೆ ಹಾಕಬೇಡಿ, ಅದರ ಹೊಗೆಯೂ ವಿಷವೇ.

ಯಾವ ವಸ್ತುವನ್ನು ತರುವ ಮುನ್ನವೂ ಮೂರು ಮಾತು ಕೇಳಿಕೊಳ್ಳಿ: ಇದು ಮೊದಲು ಎಲ್ಲಿತ್ತು? ಇದಕ್ಕೆ ಏನು ಬಳಿದಿದ್ದಾರೆ? ಬಿಸಿಲು ಮಳೆಗೆ ಇದು ಏನನ್ನು ಬಿಡುತ್ತದೆ? ಉತ್ತರ ತಿಳಿಯದ ವಸ್ತು ಎಷ್ಟೇ ಅಗ್ಗವಾಗಿದ್ದರೂ ತರಕಾರಿಯ ಮಡಿಗೆ ಬೇಡ. ನಮ್ಮ ಮನೆಯ ಮಡಿಗೆ ಈಗ ಇಟ್ಟಿಗೆಯ ಅಂಚಿದೆ. ಮೊಮ್ಮಗಳು ಅದರ ಮೇಲೆ ಕುಳಿತು ಮೆಂತ್ಯ ಕೀಳುವಾಗ ನಮಗೆ ಯಾವ ಅಳುಕೂ ಇಲ್ಲ.