ಫುಲ್ ಟ್ಯಾಂಕ್ ಮಾಡಿಸಿದರೆ ಮುನಿಸಿಕೊಳ್ಳುವ ಕಾರು

ಬಂಕಿನ ಹುಡುಗ ಟ್ಯಾಂಕಿನ ಮುಚ್ಚಳ ಹಾಕಿ ‘ಆಯ್ತು ಅಣ್ಣಾ’ ಎಂದ. ಅಪ್ಪ ದುಡ್ಡು ಕೊಟ್ಟು ಕೀ ತಿರುಗಿಸಿದರು. ಸೆಲ್ಫ್ ಜೋರಾಗಿಯೇ ತಿರುಗಿತು, ಎಂಜಿನ್ ಮಾತ್ರ ಹತ್ತಿಕೊಳ್ಳಲಿಲ್ಲ. ಮತ್ತೊಮ್ಮೆ, ಮಗದೊಮ್ಮೆ. ಊಹೂಂ. ಹಿಂದೆ ಸಾಲು ನಿಂತವರ ಹಾರ್ನ್ ಶುರುವಾಯಿತು.

ಚಿತ್ರದುರ್ಗ ದಾಟಿ ಹಿರಿಯೂರಿನ ಕಡೆ ಹೆದ್ದಾರಿಯ ಪಕ್ಕದ ಬಂಕ್ ಅದು. ಹಿಂದಿನ ಸೀಟಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೊರಟಿದ್ದ ವಯಸ್ಸಾದ ದಂಪತಿ. ಮುಂದಿನ ಸೀಟಿನಲ್ಲಿ, ಇಂಟರ್‌ವ್ಯೂ ಫೈಲ್ ಹಿಡಿದು ಪುಕ್ಕಟೆ ಡ್ರಾಪ್ ಪಡೆಯುತ್ತಿದ್ದ ನಾನು. ಅಪ್ಪ ದಾವಣಗೆರೆಯಲ್ಲಿ ಹಳದಿ ಬೋರ್ಡಿನ ಕಾರು ಓಡಿಸುತ್ತಾರೆ. ಅದರ ಸಾಲದ ಕಂತು ಇನ್ನೂ ಮುಗಿದಿಲ್ಲ.

‘ಏನಪ್ಪಾ, ನೀನು ಏನು ಓದಿದ್ದೀಯಾ?’ ಹಿಂದಿನಿಂದ ಆ ಹಿರಿಯರು ಕೇಳಿದರು.

‘ಬಿಇ. ಮೆಕ್ಯಾನಿಕಲ್.’

‘ಹಾಗಾದ್ರೆ ಸ್ವಲ್ಪ ನೋಡಬಾರದೇ?’

ಕಾರನ್ನು ಪಕ್ಕಕ್ಕೆ ತಳ್ಳಿ ಬಾನೆಟ್ ಎತ್ತಿದೆ. ಒಳಗೆ ಪೈಪುಗಳು, ವೈರುಗಳು, ಕಪ್ಪು ಡಬ್ಬಿಗಳು. ಆಟೊ ಸೈಕಲ್‌ನ ನಕ್ಷೆಯನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲ ನನಗೆ, ಎದುರಿಗಿದ್ದ ಎಂಜಿನ್ನಿನಲ್ಲಿ ಯಾವುದು ಏನು ಎನ್ನುವುದೇ ತಿಳಿಯಲಿಲ್ಲ. ಬ್ಯಾಟರಿಯ ವೈರ್ ಒಮ್ಮೆ ಅಲ್ಲಾಡಿಸಿದೆ. ಬೇರೇನು ಮಾಡಲಿ?

ಅಪ್ಪ ಪರಿಚಯದವರಿಗೆ ಫೋನ್ ಮಾಡಿ ಬೇರೆ ಕಾರು ತರಿಸಿದರು. ದಂಪತಿಯಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ. ಅವರು ಹೋಗಿ ಅರ್ಧ ಗಂಟೆಯಾದ ಮೇಲೆ ಕೀ ತಿರುಗಿಸಿದರೆ, ಏನೂ ಆಗಿಲ್ಲವೆಂಬಂತೆ ಕಾರು ಸ್ಟಾರ್ಟ್ ಆಯಿತು!

ಹೀಗಾಗಿದ್ದು ಅದು ನಾಲ್ಕನೇ ಸಲ. ಮೊದಲ ಸಲ ಕೆಟ್ಟಾಗ ಹೊಸ ಬ್ಯಾಟರಿ ಹಾಕಿಸಿದ್ದೆವು. ಎರಡನೇ ಸಲ ಪ್ಲಗ್ ಬದಲಾಯಿತು. ಮೂರನೇ ಸಲ ಫ್ಯುಯೆಲ್ ಪಂಪ್. ಈಗ ‘ಕಂಪ್ಯೂಟರೇ ಹೋಗಿರಬೇಕು’ ಎಂದು ಯಾರೋ ಹೇಳಿದ್ದರು. ‘ಸಾಕಾತು ತಮ್ಮಾ, ಬಂದಷ್ಟಕ್ಕೆ ಮಾರಿಬಿಡ್ತೀನಿ’ ಎಂದರು ಅಪ್ಪ. ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದ ಮನುಷ್ಯ ಕಾರಿಗೆ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಪ್ಪ ಊರಿಗೆ ತಿರುಗಿದರು. ನಾನು ಬೆಂಗಳೂರು ಬಸ್ ಹತ್ತಿದೆ. ಇಂಟರ್‌ವ್ಯೂ ಆಯಿತು, ಕೆಲಸ ಆಗಲಿಲ್ಲ. ಆದರೆ ಬಸ್ಸಿನಲ್ಲಿ ಕೂತಿದ್ದಾಗ ಒಂದು ಪ್ರಶ್ನೆ ತಲೆಗೆ ಬಂತು. ‘ಏನು ಕೆಟ್ಟಿದೆ?’ ಎಂದು ನಾವು ನಾಲ್ಕು ಸಲ ಕೇಳಿದ್ದೆವು. ‘ಯಾವಾಗ ಕೆಡುತ್ತದೆ, ಯಾವಾಗ ಕೆಡುವುದಿಲ್ಲ?’ ಎಂದು ಒಮ್ಮೆಯೂ ಕೇಳಿರಲಿಲ್ಲ.

ಅಪ್ಪನಿಗೆ ಫೋನ್ ಹಚ್ಚಿದೆ. ಬೆಳಿಗ್ಗೆ ಎದ್ದು ಸ್ಟಾರ್ಟ್ ಮಾಡಿದರೆ? ಒಂದೇ ಸೆಲ್ಫಿಗೆ ಆಗುತ್ತೆ. ದಾರಿಯಲ್ಲಿ ಟೀಗೆ ನಿಲ್ಲಿಸಿದಾಗ? ಆಗುತ್ತೆ. ಬಂಕಿನಲ್ಲಿ ಐನೂರು ರೂಪಾಯಿಗೆ ಹಾಕಿಸಿದಾಗ? ಸ್ವಲ್ಪ ಕೆಮ್ಮಿ ಆಗುತ್ತೆ. ಫುಲ್ ಟ್ಯಾಂಕ್ ಮಾಡಿಸಿದಾಗ? ಅಪ್ಪ ಒಂದು ಕ್ಷಣ ಸುಮ್ಮನಾದರು. ‘ಹೌದಲ್ಲೋ... ನಾಕೂ ಸಲ ಫುಲ್ ಟ್ಯಾಂಕೇ ಹಾಕ್ಸಿದ್ದೆ!’

ಇಂಟರ್‌ವ್ಯೂ ಫೈಲಿನ ಹಿಂಬದಿಯಲ್ಲೇ ಬರೆಯತೊಡಗಿದೆ. ಸೆಲ್ಫ್ ಜೋರಾಗಿ ತಿರುಗುತ್ತದೆ ಎಂದರೆ ಬ್ಯಾಟರಿ ಸರಿಯಿದೆ. ಬೆಳಿಗ್ಗೆ ಹೊಡೆತಕ್ಕೇ ಸ್ಟಾರ್ಟ್ ಆಗುತ್ತದೆ ಎಂದರೆ ಪ್ಲಗ್, ಪಂಪ್ ಎರಡೂ ಕೆಲಸ ಮಾಡುತ್ತಿವೆ. ಬಂಕಿನ ಪೆಟ್ರೋಲ್ ಕಲಬೆರಕೆಯೇ? ನಾಲ್ಕು ಸಲವೂ ಬೇರೆ ಬೇರೆ ಬಂಕ್. ಅಲ್ಲದೆ ಹೊಸ ಪೆಟ್ರೋಲ್ ಎಂಜಿನ್ ತಲುಪಲು ಸ್ವಲ್ಪ ಹೊತ್ತು ಬೇಕು. ಪೈಪಿನಲ್ಲಿ ಇನ್ನೂ ಹಳೆಯದೇ ಇರುತ್ತದೆ. ಪೆಟ್ರೋಲ್ ಕೆಟ್ಟದ್ದಾಗಿದ್ದರೆ ಕಾರು ಬಂಕಿನಿಂದ ಹೊರಟು ಸ್ವಲ್ಪ ದೂರ ಹೋದ ಮೇಲೆ ನಿಲ್ಲುವ ಸಾಧ್ಯತೆಯೇ ಹೆಚ್ಚು. ಕೊನೆಗೆ ಉಳಿದದ್ದು ಒಂದು ನೆನಪು. ಬಾನೆಟ್ ಎತ್ತಿದಾಗ ಮೂಗಿಗೆ ಅಡರಿದ ಪೆಟ್ರೋಲ್ ವಾಸನೆ. ಅಂದರೆ ಎಂಜಿನ್ನಿಗೆ ಪೆಟ್ರೋಲ್ ಸಾಲದೆ ಅಲ್ಲ, ಹೆಚ್ಚಾಗಿ ಉಸಿರು ಕಟ್ಟಿತ್ತು!

ಊರಿಗೆ ಬಂದವನೇ ಅಟ್ಟದಿಂದ ಆಟೊಮೊಬೈಲ್ ಪುಸ್ತಕ ಇಳಿಸಿದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಸದಾ ಆವಿಯಾಗುತ್ತಿರುತ್ತದೆ. ಆ ಆವಿ ಗಾಳಿಗೆ ಸೇರಬಾರದೆಂದು, ಇದ್ದಿಲು ತುಂಬಿದ ಒಂದು ಡಬ್ಬಿಯಲ್ಲಿ ಅದನ್ನು ಹಿಡಿದಿಡುತ್ತಾರೆ. ಅದಕ್ಕೆ ಕ್ಯಾನಿಸ್ಟರ್ ಎನ್ನುತ್ತಾರೆ. ಕಾರು ಓಡುವಾಗ ‘ಪರ್ಜ್ ವಾಲ್ವ್’ ಎಂಬ ಪುಟ್ಟ ಬಾಗಿಲು ತೆರೆದು, ಆ ಆವಿಯನ್ನು ಎಂಜಿನ್ ಎಳೆದುಕೊಂಡು ಸುಡುತ್ತದೆ. ಎಂಜಿನ್ ನಿಂತಾಗ ಈ ಬಾಗಿಲು ಮುಚ್ಚಿರಬೇಕು. ಅದು ಮುಚ್ಚದೆ ಸಿಕ್ಕಿಕೊಂಡರೆ? ಟ್ಯಾಂಕಿಗೆ ಪೆಟ್ರೋಲ್ ಬೀಳುತ್ತಿದ್ದಂತೆ ಒಳಗಿದ್ದ ಆವಿಗೆ ಜಾಗ ಇಲ್ಲದಾಗಿ, ಅದು ಡಬ್ಬಿಯನ್ನು ದಾಟಿ ನೇರ ಎಂಜಿನ್ನಿಗೆ ನುಗ್ಗುತ್ತದೆ. ಹೆಚ್ಚು ಪೆಟ್ರೋಲ್ ಹಾಕಿಸಿದಷ್ಟೂ ಹೆಚ್ಚು ಆವಿ. ಐನೂರು ರೂಪಾಯಿಗೆ ಕೆಮ್ಮು, ಫುಲ್ ಟ್ಯಾಂಕಿಗೆ ಮುನಿಸು ಏಕೆಂದು ಈಗ ಗೊತ್ತಾಯಿತು.

ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು ಎಂದು ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿದ್ದೆನೋ! ಈ ಆವಿಯ ಪಾಠವನ್ನಂತೂ ‘ಐದು ಮಾರ್ಕಿನದು’ ಎಂದು ಓದದೇ ಬಿಟ್ಟಿದ್ದೆ.

ಊಹೆ ಸರಿಯೋ ತಪ್ಪೋ ನೋಡಬೇಕಿತ್ತು. ಬಾಡಿಗೆ ಇಲ್ಲದ ಒಂದು ಸಂಜೆ ಅಪ್ಪನನ್ನು ಒಪ್ಪಿಸಿ ಬಂಕಿಗೆ ಹೋಗಿ ಫುಲ್ ಟ್ಯಾಂಕ್ ಮಾಡಿಸಿದೆವು. ನಿರೀಕ್ಷಿಸಿದಂತೆಯೇ ಕಾರು ಸ್ಟಾರ್ಟ್ ಆಗಲಿಲ್ಲ. ಅದು ಕೈಕೊಟ್ಟದ್ದಕ್ಕೆ ನಾನು ಖುಷಿಪಟ್ಟ ಏಕೈಕ ದಿನ ಅದು! ಪಂಪುಗಳಿಂದ ದೂರಕ್ಕೆ ತಳ್ಳಿಕೊಂಡು ಹೋಗಿ, ‘ಅಪ್ಪಾ, ಆಕ್ಸಿಲರೇಟರ್ ಪೂರ್ತಿ ಕೆಳಗೆ ಒತ್ತಿ ಹಿಡ್ಕೊಂಡು ಸೆಲ್ಫ್ ಹೊಡಿ’ ಎಂದೆ. ಹಾಗೆ ಮಾಡಿದರೆ ಇಂಜೆಕ್ಷನ್ ಇರುವ ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಪೆಟ್ರೋಲ್ ಚಿಮ್ಮುವುದು ನಿಂತು, ಗಾಳಿಯ ಬಾಗಿಲು ಪೂರ್ತಿ ತೆರೆಯುತ್ತದೆ. ‘ಎಂಜಿನ್ ಹಾಳಾದೀತಲೇ’ ಎನ್ನುತ್ತಲೇ ಅಪ್ಪ ಒತ್ತಿದರು. ನಾಲ್ಕೈದು ಸೆಕೆಂಡ್ ಏನೂ ಇಲ್ಲ. ಆಮೇಲೆ ಎರಡು ಕೆಮ್ಮು, ಸೈಲೆನ್ಸರಿನಿಂದ ಒಂದು ಕರಿ ಹೊಗೆ, ಎಂಜಿನ್ ಗರ್ ಎಂದಿತು! ಅಪ್ಪ ತಕ್ಷಣ ಕಾಲು ತೆಗೆದು ನನ್ನ ಮುಖ ನೋಡಿದರು. ಮಾತಾಡಲಿಲ್ಲ.

ಮರುದಿನ ಗ್ಯಾರೇಜಿನ ಚಾಚಾ ಹತ್ತಿರ ಹೋದೆವು. ‘ಏನ್ರೀ ಎಂಜಿನಿಯರ್ ಸಾಹೇಬ್ರೇ’ ಎಂದು ನಗುತ್ತಲೇ ನನ್ನ ಕಥೆ ಕೇಳಿದ ಅವರು, ಆ ವಾಲ್ವ್ ಬಿಚ್ಚಿ ನನ್ನ ಕೈಗಿಟ್ಟರು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ಅಷ್ಟೇ. ‘ಊದಿ ನೋಡು. ಕರೆಂಟ್ ಇಲ್ದಾಗ ಗಾಳಿ ಆಚೆ ಹೋಗಬಾರದು.’ ಒರೆಸಿಕೊಂಡು ಊದಿದೆ. ಪೀಪಿಯಲ್ಲಿ ಹೋದಂತೆ ಗಾಳಿ ಸರಾಗವಾಗಿ ಹೋಯಿತು.

ಹೊಸ ವಾಲ್ವಿಗೆ ಎರಡು ಸಾವಿರವೂ ಆಗಲಿಲ್ಲ. ಅದಕ್ಕೂ ಮುಂಚೆ ಬದಲಾಯಿಸಿದ ಸಾಮಾನುಗಳಿಗೆ ಹದಿನೈದು ಸಾವಿರ ಸುರಿದಿದ್ದೆವು. ಯಾರೂ ನಮಗೆ ಮೋಸ ಮಾಡಿರಲಿಲ್ಲ. ‘ಸ್ಟಾರ್ಟ್ ಆಗ್ತಿಲ್ಲ’ ಎಂದಷ್ಟೇ ಹೇಳಿ ಕಾರು ಬಿಟ್ಟು ಬಂದವರು ನಾವೇ. ಗ್ಯಾರೇಜಿಗೆ ಹೋಗುವಷ್ಟರಲ್ಲಿ ಕಾರು ಸರಿಹೋಗಿರುತ್ತಿತ್ತು, ಪಾಪ ಅವರು ಊಹಿಸಬೇಕಿತ್ತು.

ಚಾಚಾ ಇನ್ನೊಂದು ಮಾತನ್ನೂ ಹೇಳಿದರು. ಬಂಕಿನಲ್ಲಿ ಗನ್ ‘ಟಕ್’ ಎಂದು ತಾನಾಗಿ ನಿಂತ ಮೇಲೆ, ‘ರೌಂಡ್ ಫಿಗರ್ ಮಾಡಪ್ಪ’ ಎಂದು ಮತ್ತೆ ತುಂಬಿಸಬಾರದು. ಹೆಚ್ಚಾದ ಪೆಟ್ರೋಲ್ ಇದ್ದಿಲಿನ ಡಬ್ಬಿಗೆ ಇಳಿದು ಅದನ್ನೇ ಹಾಳು ಮಾಡಬಹುದು. ಅಪ್ಪ ಕೆಮ್ಮಿದರು. ರೌಂಡ್ ಫಿಗರ್ ಅವರ ಹಳೇ ಚಟ!

ಗೆಳೆಯರೇ, ನಿಮ್ಮ ಮನೆಯ ಕಾರೂ ಬಂಕಿನಲ್ಲಿ ಹೀಗೆ ಮುನಿಸಿಕೊಂಡರೆ ಮೊದಲು ಕಿವಿ, ಮೂಗು ಬಳಸಿ. ಸೆಲ್ಫ್ ಟಿಕ್ ಟಿಕ್ ಎಂದರೆ ಬ್ಯಾಟರಿ ಕಡೆ ನೋಡಿ. ಜೋರಾಗಿ ತಿರುಗಿ ಪೆಟ್ರೋಲ್ ವಾಸನೆ ಬಂದರೆ ನಮ್ಮ ಕಥೆಯೇ ಇರಬಹುದು. ಡೀಸೆಲ್ ಕಾರಿಗೆ ಪೆಟ್ರೋಲ್ ಹಾಕಿಬಿಟ್ಟಿದ್ದರೆ ಮಾತ್ರ ಕೀಯನ್ನೇ ಮುಟ್ಟಬೇಡಿ, ಟ್ಯಾಂಕ್ ಖಾಲಿ ಮಾಡಿಸಿ. ಪೆಟ್ರೋಲ್ ಮೇಲೆ ಅನುಮಾನವಿದ್ದರೆ ಬಂಕಿನಲ್ಲೇ ಫಿಲ್ಟರ್ ಪೇಪರ್ ಪರೀಕ್ಷೆ ಕೇಳಿ. ಅದು ಗ್ರಾಹಕರ ಹಕ್ಕು.

ಕಾರು ಮಾರುವ ಮಾತು ನಿಂತಿದೆ. ನನಗಿನ್ನೂ ಕೆಲಸ ಸಿಕ್ಕಿಲ್ಲ. ಆದರೆ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅಪ್ಪ ಏನೇನು ಹೇಳಿಕೊಂಡಿದ್ದಾರೋ, ಅವರ ಗೆಳೆಯರು ಈಗ ‘ಗಾಡಿ ಯಾಕೋ ಹಿಂಗಾಗ್ತೈತಿ, ನೋಡಪಾ’ ಎಂದು ಬರುತ್ತಾರೆ. ನಾನು ಬಾನೆಟ್ ಎತ್ತುವ ಮುಂಚೆ ನೋಟ್‌ಬುಕ್ ತೆಗೆಯುತ್ತೇನೆ. ‘ಯಾವಾಗ ಹಿಂಗಾಗುತ್ತೆ, ಯಾವಾಗ ಆಗಲ್ಲ ಹೇಳಿ ಕಾಕಾ.’

ಮೊನ್ನೆ ರೆಸ್ಯೂಮೆ ತಿದ್ದಿದೆ. ಹವ್ಯಾಸಗಳು ಎಂಬಲ್ಲಿ ‘ಹಾಡು ಕೇಳುವುದು’ ಎಂದಿತ್ತು. ಅದನ್ನು ಅಳಿಸಿ, ಫುಲ್ ಟ್ಯಾಂಕ್ ಮಾಡಿಸಿದರೆ ನಿಲ್ಲುತ್ತಿದ್ದ ಕಾರಿನ ಕಥೆಯನ್ನು ಎರಡು ಸಾಲಿನಲ್ಲಿ ಬರೆದಿದ್ದೇನೆ. ಮುಂದಿನ ಇಂಟರ್‌ವ್ಯೂನಲ್ಲಿ ಯಾರಾದರೂ ಅದರ ಬಗ್ಗೆ ಕೇಳಲಿ ಎಂದು ಕಾಯುತ್ತಿದ್ದೇನೆ.