ಸಂಗಮದ ದಾರಿಯಲ್ಲೊಂದು ತೋಟದ ಮನೆ

ಕನಕಪುರ ದಾಟಿ ಸಂಗಮದ ರಸ್ತೆ ಹಿಡಿದರೆ ದೊಡ್ಡಆಲಹಳ್ಳಿ. ಭಾನುವಾರ ಬಂತೆಂದರೆ ಬೆಂಗಳೂರಿನ ಬೈಕು, ಕಾರುಗಳು ಮೇಕೆದಾಟಿನ ಆತುರದಲ್ಲಿ ಊರು ದಾಟಿ ಓಡುತ್ತವೆ. ಡಿ.ಕೆ. ಶಿವಕುಮಾರ್ ಅವರ ಹುಟ್ಟೂರೆಂದು ನಾಡಿಗೆಲ್ಲ ಗೊತ್ತಿರುವ ಈ ಊರಿನ ನಿತ್ಯದ ಚಿಂತೆ ಮಾತ್ರ ರಾಗಿ, ರೇಷ್ಮೆ ಮತ್ತು ಆನೆ.

ಊರಾಚೆ, ಮಣ್ಣುದಾರಿಯ ಕೊನೆಯಲ್ಲಿ, ನನ್ನ ಗೆಳತಿಯ ಸಂಸಾರ ಪಾಳುಬಿದ್ದಿದ್ದ ಅತಿಥಿಗೃಹವೊಂದನ್ನು ಕೊಂಡು ನಡೆಸುತ್ತಿದೆ. ಗಂಡ, ಹೆಂಡತಿ, ಅತ್ತೆ, ಇಬ್ಬರು ಮಕ್ಕಳು. ಬೆಂಗಳೂರಿನ ಫ್ಲ್ಯಾಟ್ ಮಾರಿ ಬಂದವರು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋದ ಮೇಲೆ ರೈತರಲ್ಲದವರೂ ಜಮೀನು ಕೊಳ್ಳಬಹುದಾಯಿತು. ಕೊಂಡು, ತಂತಿಬೇಲಿ ಎಳೆದು, ಗೇಟಿಗೆ ಬೀಗ ಜಡಿದು ಹೋದವರನ್ನು ಕಂಡಿದ್ದೇನೆ. ಇವರು ಬೀಗ ತೆಗೆದು ಒಳಗೆ ಕೂತರು. ನನಗೆ ಇವರ ಮೇಲೆ ಅಭಿಮಾನ ಇರುವುದು ಅದಕ್ಕೇ.

ಕೂತದ್ದಾದರೂ ಎಂಥ ಮನೆಯಲ್ಲಿ! ಹೆಂಚು ಜರುಗಿದ ಮಾಡು, ಗೆದ್ದಲು ತಿಂದ ಕಿಟಕಿ, ಒಣಗಿದ ಕೊಳವೆಬಾವಿ. ಈಜುಕೊಳದ ಬಿರುಕಿನಲ್ಲಿ ಎಕ್ಕದ ಗಿಡ ಆಳೆತ್ತರ ಬೆಳೆದಿತ್ತು. ಅವರು ಕೊಳಕ್ಕೆ ನೀಲಿ ಬಣ್ಣ ಬಳಿಯಲಿಲ್ಲ; ಬಿರುಕು ಮುಚ್ಚಿ, ಮಾಡಿನ ಮಳೆನೀರನ್ನೆಲ್ಲ ಅದಕ್ಕೇ ತಿರುಗಿಸಿದರು. ಈಗ ಅದೇ ತೋಟದ ಹೊಂಡ. ಬಂದವರು ಮುಖ ಸಿಂಡರಿಸುತ್ತಾರೆ, ಸಂಜೆಗೆ ಅದರ ಕಟ್ಟೆಯ ಮೇಲೇ ಕಾಲು ಇಳಿಬಿಟ್ಟು ಕೂರುತ್ತಾರೆ.

ಪಕ್ಕದ ಜಮೀನಿನಲ್ಲಿ ರೇಷ್ಮೆಯ ಹುಳುಮನೆ. ಹೊಸತರಲ್ಲಿ ಅತಿಥಿಗಳ ಕಾಟ ತಾಳದೆ ಸೊಳ್ಳೆಗೆ ಔಷಧಿ ಹೊಡೆಸಲು ಹೊರಟಾಗ ಬೇಲಿಯಾಚೆಯ ಹೆಂಗಸು ಓಡಿ ಬಂದಳು: ‘ಅಕ್ಕಾ, ಹುಳ ನಾಕನೇ ಜ್ವರ ಎದ್ದವೆ. ಆ ಗಾಳಿ ಬಿದ್ರೆ ಒಂದೂ ಗೂಡು ಕಟ್ಟಾಕಿಲ್ಲ.’ ಜ್ವರವೆಂದರೆ ಹುಳ ಪೊರೆ ಕಳಚುವ ಹಂತ. ಅಂದಿನಿಂದ ಇಲ್ಲಿ ಸಿಂಪಡಣೆಯೂ ಇಲ್ಲ, ಸೊಳ್ಳೆಬತ್ತಿಯೂ ಇಲ್ಲ. ಕಿಟಕಿಗೆ ಜಾಲರಿ, ಮಂಚಕ್ಕೆ ಪರದೆ. ಪ್ರತಿಯಾಗಿ ಹುಳ ಹಣ್ಣಾಗುವ ದಿನ ಆಕೆಯೇ ಕೂಗಿ ಕರೆಯುತ್ತಾಳೆ. ನಾನೂ ಹೋಗಿದ್ದೆ. ಸುಣ್ಣದ ವಾಸನೆಯ ಆ ಕತ್ತಲ ಕೋಣೆಯಲ್ಲಿ ಸೊಪ್ಪು ಬಿಟ್ಟ ಹುಳ ತಲೆಯೆತ್ತಿ ಆಚೀಚೆ ಆಡಿಸುತ್ತಿತ್ತು. ಬೆರಳ ತುದಿಗೆ ತೆಗೆದುಕೊಂಡು ಬೆಳಕಿಗೆ ಹಿಡಿದರೆ ಮೈ ಬಲಿತ ದ್ರಾಕ್ಷಿಯಂತೆ ಒಳಗಿನಿಂದ ಹೊಳೆಯುತ್ತದೆ. ಒಂದೊಂದನ್ನೇ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲು ಪೋಲು. ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಒಯ್ದು ಹರಾಜು ಮುಗಿಯುವವರೆಗೆ ಆಕೆಗೆ ಅನ್ನ ರುಚಿಸದು.

ಆನೆಯ ಮಾತು ಬೇರೆ. 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮ ಇಲ್ಲಿಂದ ದೂರವಿಲ್ಲ. ರಾಗಿ ತೆನೆ ಹಾಲುಗಟ್ಟಿತೆಂದರೆ ರೈತರು ಅಟ್ಟಣೆ ಏರಿ ರಾತ್ರಿಯಿಡೀ ಕಾಯುತ್ತಾರೆ. ಹಲಸು ಕಾಡಿನವರೆಗೆ ಕಂಪು ಬೀರುವ ಮೊದಲೇ ಗೆಳತಿ ಕಾಯಿ ಇಳಿಸಿ ಊರಿಗೆ ಹಂಚುತ್ತಾಳೆ. ಆನೆ ಅಟ್ಟುವ ಪಟಾಕಿ ಸದ್ದು ಕೇಳಿ ಅತಿಥಿಗಳು ಟಾರ್ಚ್ ಹಿಡಿದು ಹೊರಗೋಡಲು ನೋಡುತ್ತಾರೆ. ಆಕೆ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಒಬ್ಬನ ವರ್ಷದ ಕೂಳು ತುಳಿತಕ್ಕೆ ಸಿಕ್ಕಿರುವಾಗ ಅದನ್ನು ನೋಟವಾಗಿಸಿ ದುಡ್ಡು ಮಾಡುವುದು ತಪ್ಪೆಂಬ ಆಕೆಯ ಹಟ ನನಗೆ ಸರಿಯೆನಿಸುತ್ತದೆ.

ಬೆಳಿಗ್ಗೆ ಸಂಗಮಕ್ಕೆ ಹೊರಡುವವರಿಗೆ ಅತ್ತೆ ಮುದ್ದೆ, ಉಪ್ಸಾರು ಬಡಿಸಿ ಎರಡು ಮಾತು ಹೇಳುತ್ತಾರೆ. ಒಂದು, ನೀರಿಗಿಳಿಯಬೇಡಿ, ಬಂಡೆ ಸಂದಿಯ ಸುಳಿ ಮೇಲಿನಿಂದ ಕಾಣದು. ಎರಡನೆಯದು ಅರ್ಕಾವತಿಯದು. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಮೂಲಕ ಕಾವೇರಿ ಬೆಂಗಳೂರಿಗೆ ಏರುತ್ತಾಳೆ. ನಗರ ಬಳಸಿ ಬಿಟ್ಟ ನೀರಿನ ಒಂದು ಪಾಲು ವೃಷಭಾವತಿಯಾಗಿ ಅರ್ಕಾವತಿಗೆ ಸೇರಿ, ಇಲ್ಲೇ ಸಂಗಮದಲ್ಲಿ ಮತ್ತೆ ಕಾವೇರಿಗೆ ಬೀಳುತ್ತದೆ. ‘ನಾವು ಇಷ್ಟು ವರ್ಷ ಬಚ್ಚಲಿಗೆ ಬಿಟ್ಟದ್ದು ಬಂದದ್ದು ಇಲ್ಲಿಗೇ’ ಎನ್ನುವಾಗ ಅವರ ದನಿ ತಗ್ಗುತ್ತದೆ. ಸೋಪಿನ ಬದಲು ಸೀಗೆಪುಡಿ, ಕಡಲೆಹಿಟ್ಟು ಇಟ್ಟ ಬಟ್ಟಲನ್ನು ಅವರೇ ಪ್ರತಿ ಕೋಣೆಯ ಬಚ್ಚಲಲ್ಲಿಟ್ಟು ಬರುತ್ತಾರೆ.

ಈ ಸಲದ ಸುಗ್ಗಿಗೆ ನಾಲ್ಕನೆಯ ಕೋಣೆಯ ಮಾಡು ಹೊದಿಸುವ ಯೋಚನೆಯಿತ್ತು. ಆ ದುಡ್ಡನ್ನು ಈಗ ಬೇಲಿಯಾಚೆಯವರ ಜೊತೆ ಸೇರಿ ಆನೆ ತಡೆಯುವ ಸೌರಬೇಲಿಗೆ ಹಾಕುತ್ತಿದ್ದಾರೆ.